ಸಬ್‌ವೂಫರ್ ತಂದಾಯ್ತು, ಇನ್ನು ಸ್ಟೀರಿಯೊ ಜೊತೆ ಬೆರೆಸುವ ಕೆಲಸ

ಬೇಸ್, ಅಂದರೆ ಕೆಳಗಿನ ದಪ್ಪ ಸ್ವರಗಳನ್ನು ಮಾತ್ರ ನುಡಿಸುವ ಸ್ಪೀಕರ್ ಸಬ್‌ವೂಫರ್. ಹೊಸ ಸಬ್‌ವೂಫರ್ ಮನೆಗೆ ಬಂದ ದಿನ ಹೆಚ್ಚಿನವರು ಮಾಡುವುದು ಒಂದೇ. ಟಿವಿ ಪಕ್ಕದ ಮೂಲೆಗೆ ತಳ್ಳುವುದು, ಒಂದು ಕೇಬಲ್ ಚುಚ್ಚುವುದು, ಹಿಂದಿರುವ ನಾಬ್‌ಗಳನ್ನೆಲ್ಲ ಅಂದಾಜಿಗೆ ಅರ್ಧಕ್ಕೆ ತಿರುಗಿಸುವುದು. ಕಿಟಕಿ ಗಾಜು ನಡುಗುತ್ತದೆ, ಖುಷಿಯಾಗುತ್ತದೆ. ನಾಲ್ಕು ದಿನ ಕಳೆದ ಮೇಲೆ ಕಿವಿ ತಕರಾರು ತೆಗೆಯುತ್ತದೆ. ಗಂಡಸರ ದನಿ ಶೀತ ಹಿಡಿದವರ ದನಿಯಂತೆ ದಪ್ಪಗಾಗಿದೆ. ಮೃದಂಗದ ಬಲಗೈ ಸ್ಪೀಕರ್ ಕಡೆಯಿಂದ ಬಂದರೆ ಎಡಗೈ ಮೂಲೆಯಿಂದ ಬರುತ್ತಿದೆ. ಕೆಲವು ಹಾಡಿಗೆ ಇಡೀ ಹಾಲ್ ಗುಂಯ್ ಅನ್ನುತ್ತದೆ, ಇನ್ನು ಕೆಲವಕ್ಕೆ ಸಬ್ ಆನ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಕೊನೆಗೆ ಅದನ್ನು ಆಫ್ ಮಾಡಿ, "ಸ್ಟೀರಿಯೊಗೆ ಸಬ್ ಆಗಿಬರಲ್ಲ ಬಿಡಿ" ಅಂದುಬಿಡುತ್ತಾರೆ.

ಆಗಿಬರುತ್ತದೆ. ಕ್ರಾಸೋವರ್ (ಯಾವ ಸ್ವರ ಸಬ್‌ಗೆ, ಯಾವುದು ಸ್ಪೀಕರ್‌ಗೆ ಎಂಬ ಹಂಚಿಕೆ) ಸರಿಯಾಗಿ ಹಾಕಬೇಕು, ಸಬ್ ಸರಿಯಾದ ಜಾಗದಲ್ಲಿ ಕೂರಬೇಕು, ಫೇಸ್ ಹೊಂದಬೇಕು, ಅಂದರೆ ಎರಡರ ಸದ್ದಿನ ಅಲೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು, ಅಷ್ಟೇ. ಇವುಗಳಲ್ಲಿ ಜನ ಜಾಸ್ತಿ ಮರೆಯುವುದು ಕ್ರಾಸೋವರಿನ ಅರ್ಧ ಭಾಗವನ್ನು. ಸಬ್‌ಗೆ ವಹಿಸಿದ ಕೆಲಸವನ್ನು ಮುಖ್ಯ ಸ್ಪೀಕರ್‌ಗಳಿಂದ ಕಿತ್ತುಕೊಳ್ಳಬೇಕು, ಅದು ಆ ಅರ್ಧ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಡುತ್ತೇನೆ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಸೆಟ್ ಇಟ್ಟುಕೊಳ್ಳೋಣ. 5 ಇಂಚಿನ ವೂಫರ್ ಇರುವ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್. ಒಂದು ಇಂಟಿಗ್ರೇಟೆಡ್ ಆಂಪ್, ಅಂದರೆ ವಾಲ್ಯೂಮ್ ನೋಡಿಕೊಳ್ಳುವ ಪ್ರೀ ಆಂಪ್, ಸ್ಪೀಕರ್ ನಡೆಸುವ ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು. ಒಳಗೇ ಆಂಪ್ ಇರುವ 10 ಇಂಚಿನ ಪವರ್ಡ್ ಸಬ್. 15 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರದ ಹಾಲ್. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸಿಗುವ ಸಾಮಾನ್ಯ ಸೆಟ್ ಇದು. ಹೋಮ್ ಥಿಯೇಟರ್ ರಿಸೀವರ್ ಇರುವವರಿಗೆ ವೈರಿಂಗ್ ಭಾಗ ಬೇಕಾಗುವುದಿಲ್ಲ, ಅದು ರಿಸೀವರ್ ಒಳಗೇ ಇರುತ್ತದೆ. ಉಳಿದದ್ದೆಲ್ಲ ಅವರಿಗೂ ಬೇಕು.

ಕ್ರಾಸೋವರ್ ಅಂದರೆ ಎರಡು ಫಿಲ್ಟರ್

ಒಂದು ಲೋ-ಪಾಸ್. ಕೆಳಗಿನ ಸ್ವರಗಳನ್ನು ಬಿಟ್ಟು ಮೇಲಿನದನ್ನು ತಡೆಯುತ್ತದೆ. ಇದು ಸಬ್‌ಗೆ. ಇನ್ನೊಂದು ಹೈ-ಪಾಸ್. ಮೇಲಿನದನ್ನು ಬಿಟ್ಟು ಕೆಳಗಿನದನ್ನು ತಡೆಯುತ್ತದೆ. ಇದು ಮುಖ್ಯ ಸ್ಪೀಕರ್‌ಗಳಿಗೆ. ಸಬ್‌ನ ಹಿಂದೆ ಇರುವ "ಕ್ರಾಸೋವರ್" ನಾಬ್ ಮೊದಲನೆಯದು ಮಾತ್ರ. ಅದನ್ನು ಎಲ್ಲಿಗೆ ತಿರುಗಿಸಿದರೂ ನಿಮ್ಮ ಬುಕ್‌ಶೆಲ್ಫ್ ಸ್ಪೀಕರ್‌ಗಳು ಮೊದಲಿನಂತೆಯೇ ಪೂರ್ತಿ ಬೇಸ್ ನುಡಿಸಲು ಒದ್ದಾಡುತ್ತಿರುತ್ತವೆ.

ಫಿಲ್ಟರ್ ಗೋಡೆ ಎಬ್ಬಿಸಿದ ಹಾಗೆ ಒಂದೇ ಸಲಕ್ಕೆ ಕತ್ತರಿಸುವುದಿಲ್ಲ. ಅದಕ್ಕೊಂದು ಇಳಿಜಾರು ಇರುತ್ತದೆ. ಅದನ್ನು ಆಕ್ಟೇವ್‌ಗೆ ಇಷ್ಟು ಡೆಸಿಬೆಲ್ ಎಂದು ಹೇಳುತ್ತಾರೆ. ಆಕ್ಟೇವ್ ಅಂದರೆ ಷಡ್ಜದಿಂದ ಮೇಲಿನ ಷಡ್ಜಕ್ಕೆ, ಅಂದರೆ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಹರ್ಟ್ಸ್‌ನಲ್ಲಿ) ದುಪ್ಪಟ್ಟು. 80 ಹರ್ಟ್ಸ್‌ಗೆ ಇಟ್ಟ 24 ಡೆಸಿಬೆಲ್ ಲೋ-ಪಾಸ್ ಇದ್ದರೆ, 160 ಹರ್ಟ್ಸ್ ತಲುಪುವಷ್ಟರಲ್ಲಿ ಸಬ್‌ಗೆ ಹೋಗುವ ಪವರ್ ಸುಮಾರು 250ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. 12 ಡೆಸಿಬೆಲ್‌ನದ್ದಾದರೆ 16ರಲ್ಲಿ ಒಂದು ಪಾಲು ಇನ್ನೂ ಉಳಿದಿರುತ್ತದೆ. ಗಂಡಸರ ದನಿ ಸಬ್‌ನಿಂದ ಕೇಳುವುದು ಈ ಉಳಿಕೆಯಿಂದಲೇ.

ಒಳ್ಳೆಯ ಕ್ರಾಸೋವರ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಲಿಂಕ್‌ವಿಟ್ಜ್-ರೈಲಿ. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಇಬ್ಬರೂ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಂಜಿನಿಯರುಗಳಾಗಿದ್ದರು. 1976ರಲ್ಲಿ ಲಿಂಕ್‌ವಿಟ್ಜ್ ಇದರ ಬಗ್ಗೆ ಬರೆದರು. ಅವರ ವಿನ್ಯಾಸದಲ್ಲಿ ಕ್ರಾಸೋವರ್ ಬಿಂದುವಿನಲ್ಲಿ ಎರಡೂ ಕಡೆ 6 ಡೆಸಿಬೆಲ್ ಇಳಿದಿರುತ್ತದೆ. ಎರಡೂ ಒಂದೇ ಫೇಸ್‌ನಲ್ಲಿ ಕೂಡಿದಾಗ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಇಲ್ಲಿ "ಒಂದೇ ಫೇಸ್" ಅನ್ನುವುದನ್ನು ನೆನಪಿಡಿ, ಮುಂದೆ ಅದರ ಕೆಲಸ ಇದೆ.

ಹಂತ 1: ಎಲ್ಲಿ ಕತ್ತರಿಸಬೇಕು?

ಸ್ಪೀಕರಿನ ಕೈಪಿಡಿ ತೆಗೆಯಿರಿ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಎದುರು "55 ಹರ್ಟ್ಸ್, ±3 ಡೆಸಿಬೆಲ್" ಎಂಬಂತೆ ಏನೋ ಬರೆದಿರುತ್ತದೆ. ಅಲ್ಲಿಂದ ಕೆಳಗೆ ಆ ಸ್ಪೀಕರ್ ಸುಸ್ತಾಗುತ್ತದೆ ಎಂದರ್ಥ. ಕ್ರಾಸೋವರ್ ಅದಕ್ಕಿಂತ ಸಾಕಷ್ಟು ಮೇಲೆ ಇರಬೇಕು. ನಮ್ಮ 5 ಇಂಚಿನ ಜೋಡಿಗೆ 80ರಿಂದ 90 ಹರ್ಟ್ಸ್ ಸರಿ. 40 ಹರ್ಟ್ಸ್‌ವರೆಗೆ ಇಳಿಯುವ ದೊಡ್ಡ ಟವರ್ ಸ್ಪೀಕರ್ ಇದ್ದರೆ 50ರಿಂದ 60.

"ಸ್ಪೀಕರ್ 55ರವರೆಗೆ ಇಳಿಯುತ್ತೆ ಅಲ್ವಾ, 55ಕ್ಕೇ ಇಟ್ಟರೆ ಆಗಲ್ವಾ?" ಎಂದು ಬಹಳ ಜನ ಕೇಳುತ್ತಾರೆ. ತೊಂದರೆ ಕೋನ್‌ನ, ಅಂದರೆ ಸ್ಪೀಕರಿನಲ್ಲಿ ಹಿಂದೆ ಮುಂದೆ ಆಡಿ ಸದ್ದು ಮಾಡುವ ಬಟ್ಟಲಿನಂಥ ಭಾಗದ ಓಡಾಟದಲ್ಲಿದೆ. ಅಷ್ಟೇ ಗಟ್ಟಿಯಾಗಿ ಒಂದು ಆಕ್ಟೇವ್ ಕೆಳಗೆ ನುಡಿಸಬೇಕೆಂದರೆ ಕೋನ್ ನಾಲ್ಕು ಪಟ್ಟು ಓಡಾಡಬೇಕು. 100 ಹರ್ಟ್ಸ್‌ಗೆ ಒಂದು ಮಿಲಿಮೀಟರ್ ಆಡುವ ಕೋನ್ 50 ಹರ್ಟ್ಸ್‌ಗೆ ನಾಲ್ಕು ಮಿಲಿಮೀಟರ್ ಆಡಬೇಕು. ಅದೇ ಕೋನ್ ಅದೇ ಹೊತ್ತಿಗೆ ವೀಣೆಯ ನಾದವನ್ನೂ ಹಾಡುಗಾರರ ದನಿಯನ್ನೂ ನುಡಿಸಬೇಕು. ಬೇಸ್ ಕಿತ್ತುಕೊಂಡರೆ ದನಿ ತಿಳಿಯಾಗುವುದು ಇದರಿಂದಲೇ. ಸಬ್ ಜೋಡಿಸಿದ ಮೇಲೆ ನನಗೆ ಮೊದಲು ಕಣ್ಣಿಗೆ ಬೀಳುವುದು ಬೇಸ್ ಅಲ್ಲ, ನಡುವಿನ ದನಿಯ ಸ್ಪಷ್ಟತೆ.

ಹಾಗಂತ ತೀರಾ ಮೇಲೆ ಹೋಗಬೇಡಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗೆ ಸದ್ದು ಯಾವ ದಿಕ್ಕಿನಿಂದ ಬಂತು ಎಂದು ನಮ್ಮ ಕಿವಿಗೆ ಹೇಳುವುದು ಕಷ್ಟ. 100, 120 ದಾಟಿದ ಮೇಲೆ ಸಬ್ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೇ ತೋರಿಸಬಹುದು. ಸ್ಪೀಕರ್‌ಗಳು ತೀರಾ ಚಿಕ್ಕವಾಗಿದ್ದು 120ಕ್ಕೇ ಇಡಬೇಕಾದರೆ, ಸಬ್ ಎರಡು ಸ್ಪೀಕರ್‌ಗಳ ನಡುವೆಯೇ ಕೂರಬೇಕು. ಬೇರೆ ದಾರಿ ಇಲ್ಲ.

ನೀವು ಏನು ಕೇಳುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾಲ್ಕು ತಂತಿಯ ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್, ಐದು ತಂತಿಯದ್ದು 31. ಪಿಯಾನೊದ ಕೊನೆಯ ಮನೆ 27.5. ಸಿ ಶಾರ್ಪ್ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್, ಜಿ ಶ್ರುತಿಯ ಗಾಯಕಿಯರದ್ದು 98. ಅಂದರೆ ಬರೀ ಶಾಸ್ತ್ರೀಯ ಹಾಡುಗಾರಿಕೆ ಕೇಳುವವರಿಗೆ 20 ಹರ್ಟ್ಸ್‌ಗೆ ಇಳಿಯುವ ದೈತ್ಯ ಸಬ್ ಬೇಕಿಲ್ಲ. ಅವರಿಗೆ ಬೇಕಾದದ್ದು 60ರಿಂದ 120ರ ನಡುವೆ ಬಿರುಕಿಲ್ಲದ ಜೋಡಣೆ. ಮಂದ್ರ ಷಡ್ಜವಾಗಲಿ, ಮೃದಂಗದ ಗುಮ್ಕಿಯಾಗಲಿ, ಬೆಸುಗೆ ಬೀಳುವ ಈ ಜಾಗದ ಆಸುಪಾಸಿನಲ್ಲೇ ಇರುತ್ತವೆ.

ಹಂತ 2: ನಿಮ್ಮ ಆಂಪ್‌ನ ಬೆನ್ನು ನೋಡಿ

ವೈರಿಂಗ್ ಹೇಗೆ ಅನ್ನುವುದು ಆಂಪ್‌ನ ಹಿಂದೆ ಯಾವ ತೂತುಗಳಿವೆ ಎಂಬುದರ ಮೇಲೆ ನಿಂತಿದೆ.

ಅತಿ ಸುಲಭದ ದಾರಿ, ಆಂಪ್‌ನಲ್ಲೇ ಸಬ್ ಔಟ್ ಇದ್ದು ಅದರ ಜೊತೆ ಬೇಸ್ ಮ್ಯಾನೇಜ್‌ಮೆಂಟ್ ಇರುವುದು. ಈಚೆಗೆ ಬರುವ ಸ್ಟ್ರೀಮಿಂಗ್ ಆಂಪ್‌ಗಳಲ್ಲಿ ಇದು ಸಾಮಾನ್ಯವಾಗುತ್ತಿದೆ. ಆಪ್‌ನಲ್ಲಿ 80 ಹರ್ಟ್ಸ್ ಎಂದು ಒತ್ತಿದರೆ ಲೋ-ಪಾಸ್, ಹೈ-ಪಾಸ್ ಎರಡೂ ಬೀಳುತ್ತವೆ. ಮುಖ್ಯ ಸ್ಪೀಕರ್‌ಗಳಿಗೆ ಪೂರ್ತಿ ಸಿಗ್ನಲ್ ಬಿಡುವ ಆಯ್ಕೆ ಇದ್ದರೆ ಅದು ಆಫ್ ಆಗಿದೆಯೇ ನೋಡಿ. ಸಬ್‌ನ ಸ್ವಂತ ಕ್ರಾಸೋವರ್ ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಥವಾ ಆ ನಾಬನ್ನು ಬದಿಗಿಟ್ಟು ಹೋಗುವ "ಎಲ್‌ಎಫ್‌ಇ" ಎಂದು ಬರೆದ ಇನ್‌ಪುಟ್‌ಗೆ ಚುಚ್ಚಿ. ಇಲ್ಲದಿದ್ದರೆ ಅದೇ ಸಿಗ್ನಲ್ ಎರಡು ಫಿಲ್ಟರ್ ದಾಟಬೇಕಾಗುತ್ತದೆ, ಕ್ರಾಸೋವರ್ ಜಾಗದಲ್ಲಿ ಹಳ್ಳ ಬೀಳುತ್ತದೆ. ಸಬ್ ಔಟ್ ಇದೆ ಎಂದ ಮಾತ್ರಕ್ಕೆ ಹೈ-ಪಾಸ್ ಇದೆ ಎಂದು ನಂಬಬೇಡಿ. ಎಷ್ಟೋ ಇಂಟಿಗ್ರೇಟೆಡ್ ಆಂಪ್‌ಗಳ ಸಬ್ ಔಟ್ ಬರೀ ಒಂದು ಲೋ-ಪಾಸ್, ಸ್ಪೀಕರ್ ಕಡೆ ಏನೂ ಬದಲಾಗುವುದಿಲ್ಲ.

ಎರಡನೆಯದು, ಪ್ರೀ ಔಟ್. ವಾಲ್ಯೂಮ್ ಜೊತೆ ಏರಿಳಿಯುವ ಔಟ್‌ಪುಟ್ ಇದು. ಎಡ, ಬಲ ಎರಡನ್ನೂ ಸಬ್‌ನ ಎಡ, ಬಲ ಆರ್‌ಸಿಎ ಇನ್‌ಪುಟ್‌ಗಳಿಗೆ ಕೊಡಿ. ಎರಡು ಚಾನೆಲ್‌ಗಳನ್ನು ಒಂದೇ ವೈ-ಕೇಬಲ್‌ನಿಂದ ಕೂಡಿಸಬೇಡಿ, ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಗುದ್ದಾಡುತ್ತವೆ. ರೆಕಾರ್ಡ್ ಔಟ್ ಅಥವಾ ಟೇಪ್ ಔಟ್‌ನಿಂದ ಸಬ್‌ಗೆ ಎಳೆಯುವುದೂ ಬೇಡ. ಅದರ ಮಟ್ಟ ವಾಲ್ಯೂಮ್ ನಾಬ್‌ಗೆ ಬಗ್ಗುವುದಿಲ್ಲ. ನೀವು ಹಾಡು ಸಣ್ಣಗೆ ಮಾಡಿದರೂ ಸಬ್ ತನ್ನ ಪಾಡಿಗೆ ಗುದ್ದುತ್ತಿರುತ್ತದೆ.

ಮೂರನೆಯದು, ಆಂಪ್‌ನಲ್ಲಿ ಸ್ಪೀಕರ್ ಟರ್ಮಿನಲ್ ಬಿಟ್ಟು ಬೇರೇನೂ ಇಲ್ಲ. ಹಳೆಯ ಆಂಪ್‌ಗಳು ಹೆಚ್ಚಾಗಿ ಹೀಗೇ. ಸಬ್‌ನಲ್ಲಿ ಹೈ-ಲೆವೆಲ್ ಇನ್‌ಪುಟ್ ಇದ್ದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳಬಹುದು. ಆಂಪ್‌ಗೆ ಇದರಿಂದ ಭಾರ ಬೀಳುವುದಿಲ್ಲ, ಸಬ್ ಬರೀ ವೋಲ್ಟೇಜ್ ನೋಡುತ್ತದೆ. ಆರ್‌ಇಎಲ್ ಕಂಪನಿಯ ಸಬ್‌ಗಳಲ್ಲಿ ಇದಕ್ಕೆ ಮೂರು ವೈರಿನ ಕೇಬಲ್ ಬರುತ್ತದೆ. ಕೆಂಪು ಬಲ ಚಾನೆಲ್‌ನ ಪ್ಲಸ್‌ಗೆ, ಹಳದಿ ಎಡ ಚಾನೆಲ್‌ನ ಪ್ಲಸ್‌ಗೆ, ಕಪ್ಪು ಯಾವುದಾದರೂ ಒಂದು ಮೈನಸ್‌ಗೆ. ಇಲ್ಲೊಂದು ಎಚ್ಚರಿಕೆ. ಈಗಿನ ಚಿಕ್ಕ ಕ್ಲಾಸ್-ಡಿ ಆಂಪ್‌ಗಳಲ್ಲಿ ಅನೇಕವು ಬ್ರಿಡ್ಜ್ ಮಾದರಿಯವು. ಅವುಗಳ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಕಪ್ಪು ವೈರನ್ನು ಅಲ್ಲಿಗೆ ಜೋಡಿಸಿದರೆ ಆಂಪ್ ಸುಡಬಹುದು. ಅಂಥ ಆಂಪ್‌ಗೆ ಕಪ್ಪನ್ನು ಆಂಪ್‌ನ ಚಾಸಿಸ್ ಗ್ರೌಂಡ್‌ಗೆ (ಲೋಹದ ಮೈಗೆ) ಹಾಕುತ್ತಾರೆ. ಎರಡೂ ಕೈಪಿಡಿ ಓದದೆ ಕೈ ಹಾಕಬೇಡಿ. ಯಾವುದೇ ಸ್ಪೀಕರ್ ವೈರ್ ಮುಟ್ಟುವ ಮೊದಲು ಎಲ್ಲವನ್ನೂ ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡಿ.

ಹೈ-ಪಾಸ್ ಎಲ್ಲಿಂದ ತರುವುದು?

ಎರಡನೆಯ, ಮೂರನೆಯ ದಾರಿಯಲ್ಲಿ ಹೋದವರಿಗೆ ಲೋ-ಪಾಸ್ ಮಾತ್ರ ಸಿಕ್ಕಿದೆ. ದೊಡ್ಡ ಟವರ್ ಸ್ಪೀಕರ್ ಇದ್ದರೆ ಅಷ್ಟಕ್ಕೇ ನಿಲ್ಲಬಹುದು. ಸ್ಪೀಕರ್ ಪೂರ್ತಿ ನುಡಿಯಲಿ, ಅದು ಸುಸ್ತಾಗುವ ಕಡೆಯಿಂದ ಸಬ್ ಕೈ ಹಿಡಿಯಲಿ, 40 ಅಥವಾ 50ಕ್ಕೆ ಲೋ-ಪಾಸ್ ಇಡಿ. 5 ಇಂಚಿನ ಸ್ಪೀಕರ್‌ಗೆ ಮಾತ್ರ ಹೈ-ಪಾಸ್ ಹಾಕಲೇಬೇಕು ಎಂಬುದು ನನ್ನ ಖಂಡಿತ ಅಭಿಪ್ರಾಯ.

ನಿಮ್ಮ ಆಂಪ್‌ನಲ್ಲಿ ಪ್ರೀ ಔಟ್ ಜೊತೆ ಮೇನ್ ಇನ್ (ನೇರ ಪವರ್ ಆಂಪ್ ಭಾಗಕ್ಕೆ ಹೋಗುವ ಇನ್‌ಪುಟ್) ಕೂಡ ಇದ್ದರೆ, ಅಥವಾ ಪ್ರೀ ಆಂಪ್ ಮತ್ತು ಪವರ್ ಆಂಪ್ ಬೇರೆ ಬೇರೆ ಇದ್ದರೆ, ಅದೃಷ್ಟ ನಿಮ್ಮದು. ಆ ಎರಡರ ನಡುವೆ ಏನು ಬೇಕಾದರೂ ತೂರಿಸಬಹುದು. ಕೆಲವು ಸಬ್‌ಗಳಲ್ಲಿ ಲೈನ್ ಔಟ್ ಇದ್ದು, ಅದರಲ್ಲಿ 80 ಹರ್ಟ್ಸ್ ಆಸುಪಾಸಿನ ಹೈ-ಪಾಸ್ ಇರುತ್ತದೆ. ಪ್ರೀ ಔಟ್‌ನಿಂದ ಸಬ್‌ಗೆ, ಸಬ್‌ನಿಂದ ಮೇನ್ ಇನ್‌ಗೆ, ಕೆಲಸ ಮುಗಿಯಿತು. ಆ ಲೈನ್ ಔಟ್ ಬರೀ ಸಿಗ್ನಲ್ ದಾಟಿಸುವಂಥದ್ದೋ ಫಿಲ್ಟರ್ ಇರುವಂಥದ್ದೋ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಅದಿಲ್ಲದಿದ್ದರೆ ಬೇರೆಯೇ ಕ್ರಾಸೋವರ್ ಪೆಟ್ಟಿಗೆ. ಬೆಹ್ರಿಂಜರ್ ಸಿಎಕ್ಸ್2310ರಂಥ ಅನಲಾಗ್ ಪೆಟ್ಟಿಗೆಯಲ್ಲಿ 24 ಡೆಸಿಬೆಲ್ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್ ಇದೆ. ಅದು ಸ್ಟೇಜ್ ಸೌಂಡ್‌ನವರಿಗೆ ಮಾಡಿದ್ದು, ಎಕ್ಸ್‌ಎಲ್‌ಆರ್ ಸಾಕೆಟ್‌ಗಳಿರುತ್ತವೆ, ಕೇಬಲ್ ಬದಲಿಸಿಕೊಳ್ಳಬೇಕು. ಮಿನಿಡಿಎಸ್‌ಪಿ 2x4 ಎಚ್‌ಡಿ ಡಿಜಿಟಲ್. ಕ್ರಾಸೋವರ್, ಡಿಲೇ (ಸದ್ದನ್ನು ತಡಮಾಡಿ ಬಿಡುವುದು), ಈಕ್ವಲೈಜರ್ (ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಏರಿಳಿಸುವುದು) ಮೂರೂ ಒಂದೇ ಡಬ್ಬಿಯಲ್ಲಿ. ಕಂಪ್ಯೂಟರ್ ಮುಂದೆ ಕೂರಲು ಬೇಸರವಿಲ್ಲದವರಿಗೆ ನಾನು ಇದನ್ನೇ ಹೇಳುವುದು.

ಖರ್ಚು ಬೇಡ ಎನ್ನುವವರಿಗೆ ಒಂದು ಕೆಪಾಸಿಟರ್ ಉಪಾಯ ಇದೆ. ಪ್ರೀ ಔಟ್‌ನಿಂದ ಪವರ್ ಆಂಪ್‌ಗೆ ಹೋಗುವ ಪ್ರತಿ ಚಾನೆಲ್‌ನ ನಡುಪಿನ್‌ನ ವೈರಿಗೆ ಒಂದು ಫಿಲ್ಮ್ ಕೆಪಾಸಿಟರ್ ಸರಣಿಯಲ್ಲಿ ಹಾಕಿದರೆ 6 ಡೆಸಿಬೆಲ್ ಇಳಿಜಾರಿನ ಹೈ-ಪಾಸ್ ಆಗುತ್ತದೆ. ಎಷ್ಟರ ಕೆಪಾಸಿಟರ್ ಎಂಬುದು ಪವರ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಅದು ಒಡ್ಡುವ ತಡೆ, ಓಮ್‌ನಲ್ಲಿ) ಮೇಲೆ ಹೋಗುತ್ತದೆ. 47 ಕಿಲೋ ಓಮ್‌ಗೆ 0.047 ಮೈಕ್ರೊಫ್ಯಾರಡ್ ಹಾಕಿದರೆ 72 ಹರ್ಟ್ಸ್. 10 ಕಿಲೋ ಓಮ್‌ಗೆ 0.22 ಹಾಕಿದರೂ 72. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇಳಿಜಾರು ಮೆತ್ತಗಿದ್ದರೂ ಕೋನ್‌ಗೆ ಸಾಕಷ್ಟು ವಿಶ್ರಾಂತಿ ಸಿಗುತ್ತದೆ.

ಇದೇ ಉಪಾಯವನ್ನು ಸ್ಪೀಕರ್ ವೈರ್‌ನಲ್ಲಿ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಬೇಡ ಅನ್ನಿ. 8 ಓಮ್ ಸ್ಪೀಕರ್‌ಗೆ 80 ಹರ್ಟ್ಸ್‌ನಲ್ಲಿ ಸುಮಾರು 250 ಮೈಕ್ರೊಫ್ಯಾರಡ್ ಬೇಕು. ಸ್ಪೀಕರ್ "8 ಓಮ್" ಎಂದು ಹಣೆಪಟ್ಟಿ ಇದ್ದರೂ ಬೇಸ್ ಜಾಗದಲ್ಲಿ ಅದರ ಇಂಪೀಡೆನ್ಸ್ ಎಲ್ಲೆಲ್ಲಿಗೋ ಹಾರುತ್ತದೆ. ಫಿಲ್ಟರ್ ಎಲ್ಲಿ ಬಿತ್ತು ಎಂದು ಯಾರೂ ಹೇಳಲಾರರು.

ಯಾವ ದಾರಿಯೂ ಇಲ್ಲದವರು ಬುಕ್‌ಶೆಲ್ಫ್ ಸ್ಪೀಕರಿನ ಹಿಂದಿನ ಪೋರ್ಟ್‌ಗೆ ಫೋಮ್ ತುರುಕಿ ನೋಡಿ. ಸುರುಳಿ ಸುತ್ತಿದ ಹಳೆ ಕಾಲುಚೀಲ ಆದರೂ ಆದೀತು. ಪೋರ್ಟ್ ಮುಚ್ಚಿದಾಗ ಬೇಸ್ ಸ್ವಲ್ಪ ಬೇಗನೆ ಇಳಿಯಲು ಶುರುವಾಗುತ್ತದೆ, ಆದರೆ ಇಳಿಜಾರು ಮೆತ್ತಗಾಗುತ್ತದೆ. ಸಬ್ ಜೊತೆ ಬೆರೆಸುವುದು ಸುಲಭವಾಗುತ್ತದೆ. ಇದು ಹೈ-ಪಾಸ್‌ಗೆ ಸಮ ಅಲ್ಲ, ಆದರೂ ಪುಕ್ಕಟೆ.

ಹಂತ 3: ಕೇಬಲ್, ಹಮ್

ಸಬ್‌ವರೆಗೆ ಐದಾರು ಮೀಟರ್ ಆರ್‌ಸಿಎ ಕೇಬಲ್ ಎಳೆದರೆ ಏನೂ ಆಗುವುದಿಲ್ಲ, ಒಳ್ಳೆಯ ಶೀಲ್ಡ್ ಇದ್ದರೆ ಸಾಕು. ದುಬಾರಿ ಕೇಬಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಕರೆಂಟ್ ವೈರ್ ಪಕ್ಕದಲ್ಲೇ ಮಾತ್ರ ಒಯ್ಯಬೇಡಿ.

ಆನ್ ಮಾಡಿದ ತಕ್ಷಣ "ಹೂಂ" ಅಂತ 50 ಅಥವಾ 100 ಹರ್ಟ್ಸ್ ಸದ್ದು ಬಂದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಉಪಕರಣಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಗ್ರೌಂಡ್ ಆಗಿರುವುದು. ಮೊದಲು ಸಬ್ ಮತ್ತು ಆಂಪ್ ಎರಡನ್ನೂ ಒಂದೇ ಸ್ವಿಚ್ ಬೋರ್ಡ್‌ಗೆ ಹಾಕಿ. ಹೋಗದಿದ್ದರೆ ಸೆಟ್ ಟಾಪ್ ಬಾಕ್ಸ್‌ನ ಕೇಬಲ್ ಕಳಚಿ ನೋಡಿ. ಹಮ್ ನಿಂತರೆ ಅಪರಾಧಿ ಸಿಕ್ಕ. ಆ ಕೇಬಲ್‌ಗೆ ಐಸೊಲೇಟರ್ ಹಾಕಿಸಿ. ಸಬ್‌ನ ಪ್ಲಗ್‌ನ ಅರ್ಥಿಂಗ್ ಪಿನ್ ಮುರಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. 230 ವೋಲ್ಟ್ ಜೊತೆ ಆಟ ಬೇಡ. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಇದೆಯೇ ಎಂದೇ ಪರೀಕ್ಷಿಸಿ.

ಹಂತ 4: ಜಾಗ

ನಾಬ್‌ಗಳಿಗಿಂತ ಜಾಗದ ಪ್ರಭಾವ ದೊಡ್ಡದು. ಕೋಣೆಯ ಎರಡು ಎದುರುಬದುರು ಗೋಡೆಗಳ ನಡುವೆ ಕೆಲವು ಫ್ರೀಕ್ವೆನ್ಸಿಗಳು ಸಿಕ್ಕಿಕೊಂಡು ಮೊಳಗುತ್ತವೆ. ಅವನ್ನು ರೂಮ್ ಮೋಡ್ ಎನ್ನುತ್ತಾರೆ. ಲೆಕ್ಕ ಸುಲಭ: 565 ಅನ್ನು ಅಡಿಯ ಅಳತೆಯಿಂದ ಭಾಗಿಸಿ. ನಮ್ಮ 15 ಅಡಿಗೆ 38 ಹರ್ಟ್ಸ್, 11 ಅಡಿಗೆ 51, 10 ಅಡಿ ಎತ್ತರಕ್ಕೆ 56.5. ಕೊನೆಯ ಎರಡು ಹತ್ತಿರ ಹತ್ತಿರ ಇವೆ ನೋಡಿ, ಈ ಹಾಲ್‌ನಲ್ಲಿ 50ರಿಂದ 57ರ ನಡುವೆ ಗುಂಯ್ ಜಾಸ್ತಿ. ಹಾಲ್ ಮತ್ತು ಡೈನಿಂಗ್ ಒಂದೇ ಆಗಿರುವ ಫ್ಲ್ಯಾಟ್‌ನಲ್ಲಿ ಕೊನೆಯ ಗೋಡೆಯವರೆಗೂ ಅಳೆಯಿರಿ.

ಅಮೆರಿಕದ ಮಾರ್ಗದರ್ಶಿಗಳನ್ನು ಓದಿದವರಿಗೆ ಒಂದು ಮಾತು. ಅಲ್ಲಿನ ಮನೆಗಳ ಜಿಪ್ಸಂ ಹಲಗೆಯ ಗೋಡೆ ಸ್ವಲ್ಪ ಬೇಸ್ ಹೀರುತ್ತದೆ, ಸ್ವಲ್ಪ ಹೊರಗೆ ಬಿಡುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್, ವಿಟ್ರಿಫೈಡ್ ಟೈಲ್ಸ್ ಎಲ್ಲವನ್ನೂ ವಾಪಸ್ ಎಸೆಯುತ್ತವೆ. ಆದ್ದರಿಂದ ಇಲ್ಲಿ ಮೋಡ್‌ಗಳ ಕಾಟ ಹೆಚ್ಚು. ಮಲೆನಾಡು, ಕರಾವಳಿಯ ಹಂಚಿನ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಬೇಸ್‌ನ ಒಂದು ಪಾಲು ಮಾಡಿನಿಂದಲೇ ಹೊರಗೆ ಹೋಗುತ್ತದೆ.

ಗೋಡೆಯ ಪಕ್ಕ ಮೋಡ್ ಅತಿ ಜೋರು, ನಟ್ಟನಡುವೆ ಅತಿ ಕಡಿಮೆ. ಸೋಫಾವನ್ನು ಹಿಂದಿನ ಗೋಡೆಗೆ ಅಂಟಿಸಿದರೆ ಎಲ್ಲವೂ ಉಬ್ಬಿ ಕೇಳುತ್ತದೆ. ಸರಿಯಾಗಿ ಮಧ್ಯಕ್ಕೆ ತಂದರೆ 38 ಹರ್ಟ್ಸ್ ಮಾಯ. ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದರೂ ವ್ಯತ್ಯಾಸ ಗೊತ್ತಾಗುತ್ತದೆ. ಸಬ್‌ಗೂ ಇದೇ ನಿಯಮ. ಮೂಲೆಯಲ್ಲಿಟ್ಟರೆ ಸದ್ದು ಹೆಚ್ಚು, ಜೊತೆಗೆ ಎಲ್ಲ ಮೋಡ್‌ಗಳೂ ಒಟ್ಟಿಗೆ ಏಳುತ್ತವೆ.

ಜಾಗ ಹುಡುಕುವ ಹಳೆಯ ವಿಧಾನ ಈಗಲೂ ಚೆನ್ನಾಗಿದೆ. ಸಬ್ ಅನ್ನು ನೀವು ಕೂರುವ ಜಾಗದಲ್ಲೇ, ಸೋಫಾದ ಮೇಲೆ ಇಡಿ. ಏರಿಳಿಯುವ ಬೇಸ್ ಇರುವ ಒಂದು ಹಾಡನ್ನು ಪದೇ ಪದೇ ಬರುವಂತೆ ಹಾಕಿ. ಆಮೇಲೆ ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲಿ ಅಂಬೆಗಾಲಿಟ್ಟು ಕಿವಿಯನ್ನು ನೆಲದ ಹತ್ತಿರ ತಂದು ಕೇಳಿ. ಎಲ್ಲಿ ಪ್ರತಿ ಸ್ವರವೂ ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಮನೆಯವರು ನಗುತ್ತಾರೆ, ನಗಲಿ. ಬೇಸ್ ಜೋರಾಗಿರುವ ಜಾಗ ಬೇಡ, ಸಮವಾಗಿರುವ ಜಾಗ ಬೇಕು.

ಹಂತ 5: ಮಟ್ಟ

ಸಬ್‌ನ ವಾಲ್ಯೂಮ್ ಪೂರ್ತಿ ಇಳಿಸಿ ಶುರು ಮಾಡಿ. ಪರಿಚಿತ ಹಾಡು ಹಾಕಿ, ನಿಧಾನಕ್ಕೆ ಏರಿಸುತ್ತಾ ಹೋಗಿ. "ಹಾಂ, ಸಬ್ ಬಂತು" ಅನಿಸಿದ ಕ್ಷಣ ನಿಲ್ಲಿಸಿ ಒಂದು ಕೂದಲೆಳೆ ಇಳಿಸಿ. ಆಫ್ ಮಾಡಿದಾಗ ಏನೋ ಕಳೆದುಹೋಯಿತು ಅನಿಸಬೇಕು, ಆನ್ ಇದ್ದಾಗ ಸಬ್ ಕಡೆ ತಲೆ ತಿರುಗಬಾರದು.

ಫೋನಿನ ಸೌಂಡ್ ಮೀಟರ್ ಆಪ್ ಬಳಸುವವರು ಅದನ್ನು ಸಿ ವೆಯ್ಟಿಂಗ್‌ಗೆ (ಬೇಸನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಅಳೆಯುವ ಸೆಟ್ಟಿಂಗ್‌ಗೆ) ಹಾಕಿ. ಎ ವೆಯ್ಟಿಂಗ್ 50 ಹರ್ಟ್ಸ್ ಸದ್ದನ್ನು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಸಬ್ ಏರಿಸಿದರೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬೀಳುತ್ತದೆ.

ಆಟೊ-ಆನ್ ಸ್ವಿಚ್ ಇದ್ದರೆ ಅದನ್ನು ಸದ್ಯಕ್ಕೆ "ಆನ್"ಗೇ ಇಡಿ. ಸಣ್ಣ ವಾಲ್ಯೂಮ್‌ನಲ್ಲಿ ಕೆಲವು ಸಬ್‌ಗಳು ನಡುವೆ ನಿದ್ದೆ ಹೋಗುತ್ತವೆ. ಸೆಟ್ಟಿಂಗ್ ತಪ್ಪಾಗಿದೆ ಎಂದು ನೀವು ತಲೆಕೆಡಿಸಿಕೊಳ್ಳುತ್ತೀರಿ.

ಹಂತ 6: ಫೇಸ್

ಎಲ್ಲರೂ ಹಾರಿಸುವ ಹಂತ ಇದು. 80 ಹರ್ಟ್ಸ್ ಅಲೆಯ ಉದ್ದ ಸುಮಾರು 14 ಅಡಿ. ಸಬ್ ನಿಮ್ಮಿಂದ ಸ್ಪೀಕರ್‌ಗಳಿಗಿಂತ 7 ಅಡಿ ಹೆಚ್ಚು ದೂರ ಇದ್ದರೆ, ಸ್ಪೀಕರಿನ ಅಲೆ ಏರುವಾಗ ಸಬ್‌ನ ಅಲೆ ಇಳಿಯುತ್ತಿರುತ್ತದೆ. ಎರಡೂ ಸೇರಿ ಸೊನ್ನೆ. ಸಬ್ ಹಾಕಿದ ಮೇಲೆ ಕ್ರಾಸೋವರ್ ಜಾಗದಲ್ಲಿ ಬೇಸ್ ಕಡಿಮೆಯಾಯ್ತು ಅನ್ನುವವರ ಮನೆಯಲ್ಲಿ ನಡೆಯುತ್ತಿರುವುದು ಇದೇ.

ಇದನ್ನು ಸರಿಮಾಡಲು ಉಲ್ಟಾ ದಾರಿ ಹಿಡಿಯಬೇಕು. ಎರಡು ಸದ್ದು ಚೆನ್ನಾಗಿ ಕೂಡುವ ಬಿಂದುವನ್ನು ಕಿವಿಯಿಂದ ಹುಡುಕುವುದು ಕಷ್ಟ. ಒಂದನ್ನೊಂದು ಅಳಿಸುವ ಬಿಂದುವನ್ನು ಹುಡುಕುವುದು ಸುಲಭ. ಆಂಪ್ ಆಫ್ ಮಾಡಿ, ಎರಡೂ ಸ್ಪೀಕರ್‌ಗಳ ಹಿಂದೆ ಕೆಂಪು, ಕಪ್ಪು ವೈರ್‌ಗಳನ್ನು ಅದಲುಬದಲು ಮಾಡಿ. ಆನ್ ಮಾಡಿ, ನಿಮ್ಮ ಕ್ರಾಸೋವರ್ ಫ್ರೀಕ್ವೆನ್ಸಿಯ ಟೆಸ್ಟ್ ಟೋನ್, ಅಂದರೆ ನಮ್ಮಲ್ಲಿ 80 ಹರ್ಟ್ಸ್, ಹದವಾದ ವಾಲ್ಯೂಮ್‌ನಲ್ಲಿ ನುಡಿಸಿ. ನೀವು ಸೋಫಾದಲ್ಲಿ ಕೂತು, ಇನ್ನೊಬ್ಬರಿಗೆ ಸಬ್‌ನ ಫೇಸ್ ನಾಬ್ ನಿಧಾನಕ್ಕೆ ತಿರುಗಿಸಲು ಹೇಳಿ. ಎಲ್ಲೋ ಒಂದು ಕಡೆ ಸದ್ದು ಗಕ್ಕನೆ ಕುಸಿಯುತ್ತದೆ. ಅದೇ ಜಾಗ. ನಾಬ್ ಅಲ್ಲೇ ಬಿಡಿ. ಆಂಪ್ ಆಫ್ ಮಾಡಿ ಸ್ಪೀಕರ್ ವೈರ್‌ಗಳನ್ನು ಮೊದಲಿನಂತೆ ಹಾಕಿ. ಈಗ ಎರಡೂ ಪೂರ್ತಿ ಕೂಡುತ್ತವೆ.

ನಾಬ್ ಇಲ್ಲದೆ 0 ಮತ್ತು 180ರ ಸ್ವಿಚ್ ಮಾತ್ರ ಇದ್ದರೆ, ಅದೇ ಟೋನ್ ಹಾಕಿ ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದನ್ನು ಆರಿಸಿ. ಇನ್ನೂ ನಯ ಬೇಕಾದರೆ ಸಬ್ ಅನ್ನು ಒಂದೊಂದು ಅಡಿ ಮುಂದೆ ಹಿಂದೆ ಸರಿಸಿ. ಡಿಜಿಟಲ್ ಕ್ರಾಸೋವರ್ ಇರುವವರಿಗೆ ಡಿಲೇ ಇದೆ. ಸದ್ದು ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್. ಸಬ್ 4 ಅಡಿ ಹೆಚ್ಚು ದೂರ ಇದ್ದರೆ ಮುಖ್ಯ ಸ್ಪೀಕರ್‌ಗಳಿಗೆ 3.5 ಮಿಲಿಸೆಕೆಂಡ್ ಡಿಲೇ ಕೊಟ್ಟು ಶುರು ಮಾಡಿ, ಆಮೇಲೆ ಇದೇ ಅಳಿಸುವ ಪರೀಕ್ಷೆಯಿಂದ ತಿದ್ದಿ.

ಹಂತ 7: ಅಳೆಯುವ ಆಸೆ ಇದ್ದರೆ

ಜಾನ್ ಮಲ್ಕಾಹಿ ಅವರ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಯುಮಿಕ್-1ರಂಥ ಯುಎಸ್‌ಬಿ ಮೈಕ್ ಒಂದಿದ್ದರೆ ನಿಮ್ಮ ಹಾಲ್‌ನ ಜಾತಕವೇ ಪರದೆ ಮೇಲೆ ಬರುತ್ತದೆ. ಮೈಕನ್ನು ಕಿವಿ ಇರುವ ಎತ್ತರಕ್ಕೆ ನಿಲ್ಲಿಸಿ, 15ರಿಂದ 300 ಹರ್ಟ್ಸ್‌ವರೆಗೆ ಸ್ವೀಪ್ ಮಾಡಿ, ಅಂದರೆ ಕೆಳಗಿನಿಂದ ಮೇಲಕ್ಕೆ ಜಾರುವ ಒಂದು ಟೋನ್ ನುಡಿಸಿ. ಮೊದಲು ಸ್ಪೀಕರ್ ಮಾತ್ರ, ಆಮೇಲೆ ಸಬ್ ಮಾತ್ರ, ಕೊನೆಗೆ ಎರಡೂ. ಮೂರು ಗೆರೆಗಳನ್ನು ಒಂದರ ಮೇಲೊಂದು ಹಾಕಿ 60ರಿಂದ 120ರ ನಡುವೆ ನೋಡಿ. ಎರಡೂ ಸೇರಿದ ಗೆರೆ ಉಳಿದೆರಡಕ್ಕಿಂತ ಮೇಲಿರಬೇಕು. ಎಲ್ಲಾದರೂ ಕೆಳಗೆ ಹೋದರೆ ಅಲ್ಲಿ ಫೇಸ್ ಹೊಂದಿಲ್ಲ, ಆರನೇ ಹಂತಕ್ಕೆ ವಾಪಸ್ ಹೋಗಿ.

ಈಕ್ವಲೈಜರ್ ಇದ್ದರೆ ಉಬ್ಬುಗಳನ್ನು ಮಾತ್ರ ತಗ್ಗಿಸಿ. ಹಳ್ಳ ತುಂಬಲು ಹೋಗಬೇಡಿ. 6 ಡೆಸಿಬೆಲ್ ಏರಿಸಲು ಆಂಪ್ ನಾಲ್ಕು ಪಟ್ಟು ಪವರ್ ಕೊಡಬೇಕು. ಮೋಡ್‌ನಿಂದಾದ ಹಳ್ಳ ಅಷ್ಟು ಕೊಟ್ಟರೂ ತುಂಬುವುದಿಲ್ಲ. ಅದಕ್ಕೆ ಸಬ್ ಅಥವಾ ಸೋಫಾ ಸರಿಸುವುದೇ ಮದ್ದು. ಪೂರ್ತಿ ಚಪ್ಪಟೆ ಗೆರೆಯ ಹಿಂದೆಯೂ ಬೀಳಬೇಡಿ. 80ರಿಂದ ಕೆಳಗೆ ಮೂರು ನಾಲ್ಕು ಡೆಸಿಬೆಲ್ ಮೇಲಿದ್ದರೆ ಮನೆಯಲ್ಲಿ ಕಿವಿಗೆ ಹಿತ.

ಕೆಳಗಿನ ಮನೆಯವರು

ಕಾಂಕ್ರೀಟ್ ಸ್ಲ್ಯಾಬ್ ಬೇಸನ್ನು ಚೆನ್ನಾಗಿ ಸಾಗಿಸುತ್ತದೆ. ಸಬ್ ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಪ್ಯಾಡ್ ಇಟ್ಟರೆ ಪೆಟ್ಟಿಗೆಯ ನಡುಕ ನೆಲಕ್ಕೆ ಹೋಗುವುದು ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವ ಸದ್ದು ನಿಲ್ಲುವುದಿಲ್ಲ. ನಮ್ಮ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಆದರೆ ಅದು ಎ ವೆಯ್ಟಿಂಗ್‌ನ ಅಳತೆ. ಮೀಟರ್ ಸುಮ್ಮನಿದ್ದಾಗಲೂ ಕೆಳಗಿನ ಮನೆಯ ಮಂಚ ನಡುಗುತ್ತಿರಬಹುದು. ಒಮ್ಮೆ ಅವರ ಮನೆಗೆ ಹೋಗಿ ನಿಮ್ಮ ಸಬ್ ಅಲ್ಲಿ ಹೇಗೆ ಕೇಳುತ್ತದೆ ಎಂದು ನೀವೇ ಕೇಳಿ ಬನ್ನಿ.

ಸಣ್ಣ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೇ ಬೇಸ್ ಕಡಿಮೆ ಕೇಳುತ್ತದೆ. ಅದಕ್ಕೆ ರಾತ್ರಿ ಮೆಲ್ಲಗೆ ಕೇಳುವಾಗ ಸಬ್ ಎರಡು ಮೂರು ಡೆಸಿಬೆಲ್ ಏರಿಸಬೇಕು ಅನಿಸುತ್ತದೆ. ಏರಿಸಿ, ಆದರೆ ಹಗಲಿನ ಗುರುತನ್ನು ನಾಬ್ ಪಕ್ಕ ಸಣ್ಣ ಟೇಪ್ ಅಂಟಿಸಿ ಬರೆದಿಡಿ.

ಎರಡನೇ ಸಬ್

ಬಜೆಟ್ ಇನ್ನೂ ಖರ್ಚಾಗಿಲ್ಲದಿದ್ದರೆ, ಒಂದು ದೊಡ್ಡ ಸಬ್ ಬದಲು ಎರಡು ಚಿಕ್ಕವನ್ನು ಯೋಚಿಸಿ. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಯತಾಕಾರದ ಕೋಣೆಗಳಲ್ಲಿ ಎಷ್ಟು ಸಬ್ ಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಸೋಫಾದ ಒಂದು ಸೀಟಿನಿಂದ ಇನ್ನೊಂದಕ್ಕೆ ಬೇಸ್ ಬದಲಾಗುವುದು ತುಂಬಾ ಕಡಿಮೆಯಾಗುತ್ತದೆ. ಎರಡೂ ಒಂದೇ ಮಾಡೆಲ್ ಇರಲಿ. ಎರಡು ಸೇರಿದಾಗ ಸದ್ದು 6 ಡೆಸಿಬೆಲ್‌ವರೆಗೆ ಏರಬಹುದು, ಅದಕ್ಕೆ ಪ್ರತಿಯೊಂದರ ವಾಲ್ಯೂಮ್ ಅಷ್ಟು ಇಳಿಸಿ. ಫೇಸ್ ಹೊಂದಿಸುವಾಗ ಮೊದಲು ಎರಡು ಸಬ್‌ಗಳನ್ನು ಒಂದಕ್ಕೊಂದು ಕೂಡಿಸಿ, ಆಮೇಲೆ ಆ ಜೋಡಿಯನ್ನು ಒಂದೇ ಸಬ್ ಎಂದುಕೊಂಡು ಸ್ಪೀಕರ್‌ಗಳ ಜೊತೆ ಆರನೇ ಹಂತ ಮಾಡಿ.